ಅಮೃತಪ್ಪ ಸಾರ್ ಹೆಸರಿನ ದ್ವಾರ, ಸೌಂದರ್ಯಾ ಇಟ್ಟ ಪೇಪರ್

ಮಾನ್ಯ ಕುಲಪತಿಗಳೇ,

ಮೊದಲಿಗೆ, ನನಗೆ ಬಿ.ಎ. ಪದವಿ ದಯಪಾಲಿಸಿದ್ದಕ್ಕೆ ನಿಮಗೆ ವಂದನೆಗಳು. ಹದಿನೇಳು ವರ್ಷಗಳಿಂದ ನಿಮ್ಮ ಪರೀಕ್ಷಾ ವಿಭಾಗಕ್ಕೆ ಕೊಡಲಾಗದ್ದನ್ನು ನಿಮ್ಮ ಸ್ವಾಗತ ಸಮಿತಿ ಒಂದೇ ಸಾಲಿನಲ್ಲಿ ಕೊಟ್ಟು ಮುಗಿಸಿದೆ. ಕಳೆದ ಶುಕ್ರವಾರ, ಕಮರ್ಷಿಯಲ್ ಸ್ಟ್ರೀಟಿನಲ್ಲಿ ನಾನು ಸೇಲ್ಸ್‌ಮನ್ ಆಗಿರುವ ಪರದೆ ಬಟ್ಟೆಯ ಅಂಗಡಿಗೆ ನಿಮ್ಮ ಆಹ್ವಾನ ಪತ್ರಿಕೆ ಬಂತು. ದಪ್ಪ ಕಾಗದ, ಬಂಗಾರದ ಬಣ್ಣದ ಅಂಚು, 'ಅಮೃತಪ್ಪ ಮಹಾದ್ವಾರದ ಉದ್ಘಾಟನೆ ಮತ್ತು ಪ್ರದರ್ಶನ ಪಂದ್ಯ' ಎಂಬ ತಲೆಬರಹ. ಮೂರು ಸಾಲು ಗಣ್ಯರು, ಎರಡು ಸಾಲು ಸಿಂಡಿಕೇಟ್ ಸದಸ್ಯರು, ಅವರೆಲ್ಲ ಮುಗಿದ ಮೇಲೆ 'ಹಳೆಯ ವಿದ್ಯಾರ್ಥಿಗಳ ಪರವಾಗಿ ಎರಡು ಮಾತು: ಶ್ರೀ ಅಕ್ತರ್, ಬಿ.ಎ., ಮಾಜಿ ಗೋಲ್‌ಕೀಪರ್'. ನಮ್ಮ ಮಾಲೀಕರು ಅದನ್ನು ಗಿರಾಕಿಗಳಿಗೆ ಕಾಣುವ ಹಾಗೆ ಕೌಂಟರ್ ಮೇಲೆ ನಿಲ್ಲಿಸಿ, "ಏನ್ ಗುರು, ಇಷ್ಟ್ ವರ್ಷ ಹೇಳೇ ಇಲ್ಲ, ಗ್ರಾಜುಯೇಟಾ ನೀನು?" ಎಂದರು. ಅಲ್ಲ ಸ್ವಾಮಿ, ನಾನು ಬಿ.ಎ. ಅಲ್ಲ. ನಾನು ಬಿ.ಎ. ಆಗದ ಹಾಗೆ ನೋಡಿಕೊಂಡವರ ಹೆಸರನ್ನೇ ನೀವು ಬರುವ ಗುರುವಾರ ಕಲ್ಲಿನಲ್ಲಿ ಕೆತ್ತಿಸಿ, ಅದರ ಕೆಳಗೆ ನಿಂತು ಎರಡು ಮಾತಾಡು ಎಂದು ನನ್ನನ್ನು ಕರೆದಿದ್ದೀರಿ.

ನನ್ನದು ಮುಗಿದ ಕಥೆ. ಅದೊಂದೇ ಆಗಿದ್ದರೆ ಈ ಪತ್ರ ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ. ಆದರೆ ಅದೇ ಆಹ್ವಾನ ಪತ್ರಿಕೆಯ ಕೆಳಗಡೆ, ಪ್ರದರ್ಶನ ಪಂದ್ಯದಲ್ಲಿ ಮಹಿಳಾ ತಂಡದ ನಾಯಕಿಯಾಗಿ ಸೌಂದರ್ಯಾ ಎಂಬ ಹುಡುಗಿಯ ಹೆಸರಿದೆ. ಪಂದ್ಯ ಗುರುವಾರ ಬೆಳಿಗ್ಗೆ ಹತ್ತಕ್ಕೆ. ನಿಮ್ಮದೇ ಪರೀಕ್ಷಾ ವಿಭಾಗದ ವೇಳಾಪಟ್ಟಿಯ ಪ್ರಕಾರ ಅದೇ ಗುರುವಾರ, ಅದೇ ಹತ್ತಕ್ಕೆ, ಆ ಹುಡುಗಿಯ ಡಿಗ್ರಿಗೆ ಉಳಿದಿರುವ ಒಂದೇ ಒಂದು ಪೇಪರ್ ಇದೆ: ಕರ್ನಾಟಕದ ಇತಿಹಾಸ. ವೇಳಾಪಟ್ಟಿಯ ಅಡಿಯಲ್ಲಿ ದಪ್ಪಕ್ಷರದ ಇನ್ನೊಂದು ಸಾಲೂ ಇದೆ: ಹಳೆಯ ಸ್ಕೀಮಿನ ವಿದ್ಯಾರ್ಥಿಗಳಿಗೆ ಇದೇ ಕೊನೆಯ ಅವಕಾಶ. ಎರಡೂ ಕಾಗದಗಳ ಮೇಲೆ ನಿಮ್ಮ ವಿಶ್ವವಿದ್ಯಾಲಯದ್ದೇ ಮೊಹರು. ಒಂದನ್ನು ನೋಡಿದವರು ಇನ್ನೊಂದನ್ನು ನೋಡಲಿಲ್ಲವೇ? ಅಥವಾ ನೋಡಿಯೂ, ಚೆಂಡು ಒದೆಯುವವರಿಗೆ ಪರೀಕ್ಷೆ ಯಾಕೆ ಎಂದು ಸುಮ್ಮನಾದಿರೋ? ಹುಡುಗಿಯ ಹಾಲ್ ಟಿಕೆಟ್ ಈ ಕ್ಷಣಕ್ಕೆ ನಿಮ್ಮ ಕ್ರೀಡಾ ವಿಭಾಗದ ಬೀರುವಿನಲ್ಲಿದೆ. ಪಂದ್ಯ ಮುಗಿಯುವವರೆಗೂ ಅಲ್ಲೇ ಇರುತ್ತದಂತೆ.

ನಿಮಗೆ ಗೊತ್ತಿರಲಾರದು, ಅಥವಾ ಗೊತ್ತಿಲ್ಲವೆಂದೇ ಇಟ್ಟುಕೊಳ್ಳೋಣ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ನಮ್ಮ ಫುಟ್‌ಬಾಲ್ ತಂಡದಲ್ಲಿ 'ಪೇಪರ್ ಇಡುವುದು' ಎಂಬ ಪದ್ಧತಿಯಿದೆ. ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ಆಡಬೇಕಾದರೆ ವಿದ್ಯಾರ್ಥಿಯಾಗಿರಬೇಕು, ವಯಸ್ಸು ಇಪ್ಪತ್ತೈದು ದಾಟಿರಬಾರದು. ಡಿಗ್ರಿ ಮುಗಿಸಿದವನು ವಿದ್ಯಾರ್ಥಿಯಲ್ಲ. ಆದರೆ ಕೊನೆಯ ವರ್ಷದ ಒಂದು ಪೇಪರನ್ನು ಬರೆಯದೆ ಬಿಟ್ಟು, ಹಾಜರಾತಿ ಸಾಲದೆಂದು ತೋರಿಸಿಕೊಂಡು, ಜೂನ್ ತಿಂಗಳಲ್ಲಿ ಮರುಪ್ರವೇಶ ಪಡೆದರೆ ಇನ್ನೊಂದು ವರ್ಷ ವಿದ್ಯಾರ್ಥಿಯೇ. ಈ ಯೋಗ ಎಲ್ಲರಿಗೂ ಇಲ್ಲ. ಬೆಂಚಿನ ಮೇಲೆ ಕೂರುವ ಆಟಗಾರರು ಹಾಯಾಗಿ ಪಾಸಾಗಿ ಹೋಗುತ್ತಾರೆ, ಚೆನ್ನಾಗಿ ಆಡುವವರು ಪೇಪರ್ ಇಡಬೇಕು. ಮಾರ್ಚ್ ತಿಂಗಳಲ್ಲಿ ಒಂದು ದಿನ ಅಭ್ಯಾಸ ಮುಗಿದ ಮೇಲೆ ನಮ್ಮ ತರಬೇತುದಾರ ಅಮೃತಪ್ಪ ಸಾರ್ ಹೆಗಲ ಮೇಲೆ ಕೈ ಹಾಕಿ ಕೇಳುತ್ತಿದ್ದರು: "ಏನೋ, ಈ ಸಲ ಯಾವ ಪೇಪರ್ ಇಡ್ತೀಯ?" ಆ ಪ್ರಶ್ನೆ ಕೇಳಿಸಿಕೊಂಡವನಿಗೆ ಅದೇ ಬಿರುದು, ಅದೇ ಶಾಲು, ಅದೇ ಹಾರ. ಕೇಳಿಸಿಕೊಳ್ಳದವರು ಹೊಟ್ಟೆಕಿಚ್ಚಿನಿಂದ ಅವನನ್ನು ನೋಡುತ್ತಿದ್ದರು. ನಗಬೇಡಿ, ನಾವು ಇಪ್ಪತ್ತೆರಡು ಇಪ್ಪತ್ತಮೂರು ವರ್ಷದವರು.

ಇನ್ನು, ಯಾವ ಪೇಪರ್ ಇಡುವುದು? ನಾವೆಲ್ಲ ಸುಲಭದ್ದನ್ನೇ ಇಡುತ್ತಿದ್ದೆವು. ಕಷ್ಟದ್ದನ್ನು ಓದಿದ್ದು ಮರೆಯುವ ಮೊದಲೇ ಬರೆದು ಕೈ ತೊಳೆದುಕೋ, ಸುಲಭದ್ದು ಎಲ್ಲಿಗೆ ಓಡಿಹೋಗುತ್ತೆ, ಯಾವಾಗ ಬೇಕಾದರೂ ಕಣ್ಣು ಮುಚ್ಚಿ ಬರೆದು ಬರಬಹುದು ಎಂಬುದು ನಮ್ಮ ತಂಡದ ಮಹಾಬುದ್ಧಿ. ನಾನು ಇಟ್ಟದ್ದು ಐಚ್ಛಿಕ ಕನ್ನಡ. ಮನೆಯಲ್ಲಿ ದಖ್ನಿ, ಗಲ್ಲಿಯಲ್ಲಿ ತಮಿಳು, ಅಂಗಡಿಯಲ್ಲಿ ಇಂಗ್ಲಿಷ್ ಆಡಿಕೊಂಡು ಬೆಳೆದ ಶಿವಾಜಿನಗರದ ಹುಡುಗ ನಾನು. ಆದರೂ ತರಗತಿಯಲ್ಲಿ ಕನ್ನಡಕ್ಕೆ ನಾನೇ ಮೊದಲು, ಬೇಕಾದರೆ ಹಳೆಯ ರಿಜಿಸ್ಟರ್ ತೆಗೆಸಿ ನೋಡಿ. ಅರ್ಥಶಾಸ್ತ್ರ ಬರೆದೆ, ಇತಿಹಾಸ ಬರೆದೆ, ಎರಡರಲ್ಲೂ ಹೇಗೋ ದಡ ಮುಟ್ಟಿದೆ. ಕನ್ನಡ ಮಾತ್ರ ನನ್ನದೇ ಅಲ್ಲವೇ ಎಂದು ಬಿಟ್ಟೆ.

ಅಮೃತಪ್ಪ ಸಾರ್ ಒಳ್ಳೆಯವರಲ್ಲವೇ ಎಂದು ನೀವು ಕೇಳಬಹುದು. ಒಳ್ಳೆಯವರೇ ರೀ, ಅದೇ ತಾನೇ ಫಜೀತಿ! ಕೆಟ್ಟವರಾಗಿದ್ದರೆ ನಾವು ಯಾಕೆ ಅವರ ಮಾತು ಕೇಳುತ್ತಿದ್ದೆವು? ನನ್ನ ತಾಯಿ ಶಂಶುನ್ನೀಸಾ, ಆಟ ಗೀಟ ಏನೂ ಬೇಡ, ಮಾವನ ಅಂಗಡಿಗೆ ಹೋಗಿ ಕೂತುಕೋ ಎಂದು ಹಟ ಹಿಡಿದಾಗ ಸಾರ್ ಹಲಸೂರಿನಿಂದ ಸೈಕಲ್ ತುಳಿದುಕೊಂಡು ನಮ್ಮ ಮನೆಗೆ ಬಂದರು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಅಮ್ಮಾ, ಇವ್ನು ಬಾಲ್ ಬಿಟ್ರೆ ನಾನ್ ಕಿವಿ ಹಿಂಡ್ತೀನಿ, ನಮಾಜ್ ಬಿಟ್ರೆ ನೀವ್ ಹಿಂಡಿ, ಆಯ್ತಾ?" ಎಂದರು. ಅಮ್ಮ ಸೆರಗಿನ ಮರೆಯಲ್ಲಿ ನಕ್ಕುಬಿಟ್ಟಳು. ಹಳೆಯ ಪೇಪರಿನ ಮೇಲೆ ನಮ್ಮನ್ನೆಲ್ಲ ನಿಲ್ಲಿಸಿ, ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆದು, ಆ ಕಾಗದ ಹಿಡಿದುಕೊಂಡು ಬೂಟು ಹುಡುಕಿ ತರುತ್ತಿದ್ದವರು ಅವರು. ಹುಡುಗಿಯರ ತಂಡ ಕಟ್ಟುತ್ತೇನೆಂದಾಗ ಇಡೀ ಕ್ರೀಡಾ ವಿಭಾಗ ನಕ್ಕಿತು, ಬಟ್ಟೆ ಬದಲಿಸಲು ಜಾಗವೆಲ್ಲಿದೆ ಎಂದಿತು. ಸಾರ್ ತಮ್ಮ ಕೋಣೆಯ ಬೀಗದ ಕೈಯನ್ನು ಹುಡುಗಿಯರಿಗೆ ಕೊಟ್ಟು, ತಾವು ನಿವೃತ್ತರಾಗುವವರೆಗೂ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ಮಳೆ ಬಂದರೆ ಅಲ್ಲೇ ಕೊಡೆ. ಇದೆಲ್ಲ ನಿಮ್ಮ ಸ್ಮರಣ ಸಂಚಿಕೆಯಲ್ಲಿ ಬರುತ್ತದೆ, ಬರಲಿ, ಒಂದಕ್ಷರವೂ ಸುಳ್ಳಲ್ಲ.

ಸ್ಮರಣ ಸಂಚಿಕೆಯಲ್ಲಿ ಬರದೇ ಇರುವುದನ್ನು ನಾನು ಬರೆಯುತ್ತೇನೆ. ಎರಡು ವರ್ಷ ಪೇಪರ್ ಇಟ್ಟೆ, ಎರಡು ವರ್ಷವೂ ಕಪ್ ಗೆದ್ದೆವು. ನನ್ನ ತಾಯಿ ಕಪ್ ಹಿಡಿದುಕೊಂಡ ನನ್ನ ಫೋಟೋ ನೋಡಿ, "ಕಪ್ ಅಚ್ಛಾ ಹೈ ರೇ, ಕಾಗಜ್ ಕಾಂ ಹೈ?" ಎಂದಳು. ಕಪ್ ಚೆನ್ನಾಗಿದೆ, ಕಾಗದ ಎಲ್ಲಿ ಎಂದು ಆ ಓದು ಬಾರದ ಹೆಂಗಸಿಗೆ ಹೊಳೆದ ಪ್ರಶ್ನೆ ನಿಮ್ಮ ಇಡೀ ವಿಶ್ವವಿದ್ಯಾಲಯದಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಇಪ್ಪತ್ತೈದು ತುಂಬಿತು, ತಂಡದಿಂದ ಹೊರಗೆ ಬಂದೆ. ಅದೇ ತಿಂಗಳು ಒಂದು ಸರ್ಕಾರಿ ಕಾರ್ಖಾನೆಯವರು, ಫೈನಲ್ ಪಂದ್ಯದಲ್ಲಿ ನನ್ನನ್ನು ನೋಡಿದ್ದವರು, ಕ್ರೀಡಾ ಕೋಟಾದಲ್ಲಿ ಗುಮಾಸ್ತೆಯ ಕೆಲಸ ಕೊಡುತ್ತೇವೆ, ಮೂವತ್ತು ದಿನದೊಳಗೆ ಡಿಗ್ರಿ ಸರ್ಟಿಫಿಕೇಟ್ ತಾ ಎಂದು ಪತ್ರ ಕಳಿಸಿದರು. ಪರೀಕ್ಷೆಯ ಅರ್ಜಿ ಹಿಡಿದುಕೊಂಡು ನಿಮ್ಮ ಪರೀಕ್ಷಾ ವಿಭಾಗದ ಕಿಟಕಿಗೆ ಓಡಿದೆ. ಒಳಗಿದ್ದವರು ಅರ್ಜಿಯನ್ನು ಒಂದು ಸಲ ತಿರುವಿ ನೋಡಿ, "ವಾರ್ಷಿಕ ಸ್ಕೀಮ್ ಕ್ಲೋಸ್ ಆಯ್ತಲ್ರೀ. ಈಗ ಸೆಮಿಸ್ಟರ್ ಬಂದಿದೆ. ಆ ಪೇಪರೇ ಸೆಟ್ ಮಾಡಲ್ಲ" ಎಂದರು.

"ಹಂಗಾದ್ರೆ ನಾನೇನ್ ಮಾಡ್ಲಿ ಸಾರ್?"

"ಮತ್ತೆ ಫಸ್ಟ್ ಇಯರ್ ಸೇರ್ಕೊಳ್ಳಿ. ಮುಂದಿನವ್ರು ಬನ್ನಿ."

ಕೆಲಸ ಹೋಯಿತು. ಕಿಟಕಿಯವರ ತಪ್ಪೇನೂ ಇಲ್ಲ, ನೋಟಿಸು ಬೋರ್ಡಿನಲ್ಲಿ ಎರಡು ವರ್ಷ ನೇತಾಡುತ್ತಿತ್ತಂತೆ. ಮೈದಾನದಲ್ಲಿ ಇದ್ದವರಿಗೆ ನೋಟಿಸು ಬೋರ್ಡು ಓದಿ ಹೇಳುವವರು ಯಾರು? ಸಾರ್‌ಗೆ ಹೇಳಿದಾಗ ಅವರ ಮುಖ ಕಪ್ಪಿಟ್ಟಿತು. ಹನ್ನೊಂದು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಕುಲಸಚಿವರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತರು. ಜಗಳ ಮಾಡಿದರು, ಕೈಮುಗಿದರು, ಕೊನೆಗೆ ನನ್ನ ಮುಂದೆಯೇ ಅತ್ತರು. ನಾನು ಅವರಿಗೆ ಸಮಾಧಾನ ಹೇಳಿ ಮನೆಗೆ ಬಂದೆ. ಅಷ್ಟಕ್ಕೇ ಮುಗಿದಿದ್ದರೆ ಇವತ್ತು ನಿಮ್ಮ ದ್ವಾರಕ್ಕೆ ಮೊದಲ ಹೂವಿನ ಹಾರ ನಾನೇ ತರುತ್ತಿದ್ದೆ. ಮುಂದಿನ ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ, ಹುಡುಗರಿಗೆ ಗೋಲ್‌ಕೀಪಿಂಗ್ ಹೇಳಿಕೊಡಲೆಂದು ಮೈದಾನಕ್ಕೆ ಹೋಗಿ ಕೈಗವಸು ಹಾಕಿಕೊಳ್ಳುತ್ತಿದ್ದೆ. ಹತ್ತು ಹೆಜ್ಜೆ ದೂರದಲ್ಲಿ ಸಾರ್, ಶಿವಪುತ್ರ ಎಂಬ ಹುಡುಗನ ಹೆಗಲ ಮೇಲೆ ಕೈ ಹಾಕಿ, ಯಾವ ಪೇಪರ್ ಇಡ್ತೀಯ ಎಂದು ಕೇಳುತ್ತಿದ್ದರು. ನನ್ನನ್ನು ನೋಡಿದರು. ನೋಡಿ, ಬೇರೆ ಕಡೆ ತಿರುಗಿಕೊಂಡರು. ಗೊತ್ತಿಲ್ಲದೆ ಮಾಡಿದ್ದನ್ನು ನಾನು ಎಂದೋ ಕ್ಷಮಿಸಿದ್ದೇನೆ, ಗೊತ್ತಿದ್ದೂ ಮಾಡಿದ್ದನ್ನು ಇವತ್ತಿನವರೆಗೂ ಕ್ಷಮಿಸಲು ಆಗಿಲ್ಲ.

ಯಾಕೆ ಹಾಗೆ ಮಾಡಿದರು ಎಂಬುದು ಹೋದ ವರ್ಷ, ಅವರು ತೀರಿಕೊಂಡ ಮೇಲೆ ತಿಳಿಯಿತು. ಹಲಸೂರಿನ ಮನೆಗೆ ಹೋದಾಗ ಅವರ ಮಗಳು ಪ್ರಿಯದರ್ಶಿನಿ ಒಂದು ರಟ್ಟಿನ ಫೈಲು ತಂದು ನನ್ನ ತೊಡೆಯ ಮೇಲಿಟ್ಟಳು. ಇಪ್ಪತ್ತೆರಡು ಆದೇಶಗಳು, ಎಲ್ಲವೂ ನಿಮ್ಮ ಕಚೇರಿಯವು. ಇಪ್ಪತ್ತೆರಡು ವರ್ಷ ಅವರು ಹಂಗಾಮಿ ತರಬೇತುದಾರರು, ಪ್ರತಿ ಸಲ ಹನ್ನೊಂದು ತಿಂಗಳಿಗೆ ಮಾತ್ರ ನೇಮಕ. ಪ್ರತಿ ಆದೇಶದಲ್ಲೂ ಒಂದೇ ವಾಕ್ಯ: 'ತಂಡವು ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ಸೆಮಿಫೈನಲ್ ತಲುಪಿರುವುದನ್ನು ಪರಿಗಣಿಸಿ ಸೇವೆಯನ್ನು ಮುಂದುವರಿಸಲಾಗಿದೆ'. ಓಹೋ! ಸೆಮಿಫೈನಲ್ ತಲುಪದಿದ್ದರೆ? ಆ ಹೊಂಗೆ ಮರದ ಕೆಳಗಿನ ಕುರ್ಚಿಯೂ ಇಲ್ಲ. ತಮ್ಮ ಕುರ್ಚಿ ಉಳಿಯಲು ನಮ್ಮ ಪೇಪರ್ ಇಡಿಸಿದರು. ಆ ಮನುಷ್ಯನನ್ನು ಆ ಮೂಲೆಗೆ ತಳ್ಳಿದವರು, ಬದುಕಿದ್ದಾಗ ಒಂದು ಖಾಯಂ ಹುದ್ದೆ ಕೊಡದವರು, ಸತ್ತ ಮೇಲೆ ಇಪ್ಪತ್ತು ಅಡಿಯ ಗ್ರಾನೈಟ್ ದ್ವಾರ ಕೊಡುತ್ತಿದ್ದೀರಿ. ನಾಚಿಕೆ ಎಂಬುದು ನಿಮ್ಮ ಪಠ್ಯಕ್ರಮದಲ್ಲಿ ಯಾವ ಸ್ಕೀಮಿನಲ್ಲಿದ್ದರೂ ಅದೂ ಕ್ಲೋಸ್ ಆಗಿರಬೇಕು. ನಿಮ್ಮ ಕಚೇರಿಯ ಮೇಲೆ ನನಗಿರುವ ಸಿಟ್ಟು ಸಾರ್ ಮೇಲಿನ ಸಿಟ್ಟಿನ ಹತ್ತು ಪಟ್ಟು ಎಂದು ತಿಳಿಯಿರಿ.

ಈಗ ಸೌಂದರ್ಯಾಳ ವಿಷಯ. ಸಾರ್ ನಿವೃತ್ತರಾಗುವ ಮೊದಲು ಕೊನೆಯದಾಗಿ ಆರಿಸಿದ ಆಟಗಾರ್ತಿ ಅವಳು. ತಂದೆ ಸಾಯಬಣ್ಣ ಗಾರೆ ಕೆಲಸದವರು, ತಾಯಿ ಜಟ್ಟೆಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸದವರು. ಯಾದಗಿರಿ ಕಡೆಯಿಂದ ಬಂದು ಕೆ.ಆರ್. ಪುರದಲ್ಲಿ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದಾರೆ. ಹುಡುಗಿ ಬಿ.ಪಿ.ಎಡ್. ಓದಿ ಪಿ.ಟಿ. ಟೀಚರ್ ಆಗಬೇಕೆಂದು ಕನಸು ಕಟ್ಟಿಕೊಂಡಿದ್ದಾಳೆ, ಅದಕ್ಕೆ ಡಿಗ್ರಿ ಬೇಕು. ಹೋದ ವರ್ಷ ಈಗಿನ ತರಬೇತುದಾರರು, ಅಂದರೆ ಸಾರ್ ಅವರ ಶಿಷ್ಯರು, ಅವಳ ಹೆಗಲ ಮೇಲೆ ಕೈ ಹಾಕಿ ಅದೇ ಪ್ರಶ್ನೆ ಕೇಳಿದರು. ಇವಳು ಇತಿಹಾಸ ಇಟ್ಟಳು, ಸುಲಭದ್ದೆಂದು. ಈ ವರ್ಷ ಹಾಲ್ ಟಿಕೆಟ್ ಕೇಳಲು ಹೋದರೆ, "ಇನ್ನೊಂದ್ಸಲ ಇಡಮ್ಮಾ, ಮುಂದಿನ ವರ್ಷ ಕಪ್ ನಮ್ದೇ" ಎಂದರಂತೆ. ಕೊನೆಯ ಅವಕಾಶ ಎಂದು ಬರೆದಿದ್ದಾರಲ್ಲ ಸಾರ್ ಎಂದಳಂತೆ. "ಅಯ್ಯೋ, ಪ್ರತಿ ವರ್ಷ ಹಂಗೇ ಬರೀತಾರೆ, ಅದೆಲ್ಲ ನಾನ್ ಮಾತಾಡ್ತೀನಿ" ಎಂದರಂತೆ. ಅವರು ಎಲ್ಲಿ ಮಾತಾಡುತ್ತಾರೆಂದು ನನಗೆ ಗೊತ್ತು. ಕುಲಸಚಿವರ ಕೋಣೆಯ ಹೊರಗೆ, ಅದೇ ಬೆಂಚಿನ ಮೇಲೆ.

ಇಲ್ಲಿಯವರೆಗೆ ನಿಮ್ಮನ್ನು ಬೈದೆ, ಸತ್ತವರನ್ನೂ ಬೈದೆ. ಇನ್ನು ನನ್ನ ಸರದಿ. ಹೋದ ವರ್ಷ ಪೇಪರ್ ಇಡುವ ಮೊದಲು ಆ ಹುಡುಗಿ ನನ್ನ ಹತ್ತಿರ ಬಂದಿದ್ದಳು. ನಾನು ಭಾನುವಾರ ಬೆಳಿಗ್ಗೆ ಈಗಲೂ ಮೈದಾನಕ್ಕೆ ಹೋಗುತ್ತೇನೆ, ನನ್ನನ್ನು ಅಣ್ಣ ಎನ್ನುತ್ತಾಳೆ. "ಅಕ್ತರಣ್ಣ, ಸಾರ್ ಇಡು ಅಂತಿದಾರೆ, ಏನ್ ಮಾಡ್ಲಿ?" ಎಂದಳು. ನಾನು ಏನು ಹೇಳಬೇಕಿತ್ತು ಎಂದು ಈ ಪತ್ರ ಓದುವ ಯಾರು ಬೇಕಾದರೂ ಹೇಳಬಲ್ಲರು. ನಾನು ಹೇಳಿದ್ದು: "ಒಂದ್ ವರ್ಷ ತಾನೇ, ಇಡು ಮಗಾ. ನಿನ್ನಂಥ ಕಾಲು ಇನ್ನೊಬ್ರಿಗಿಲ್ಲ." ಹೌದು, ನಾನೇ! ಅವಳು ಎಡಗಡೆಯಿಂದ ಚೆಂಡು ತಂದು ಒದೆಯುವುದನ್ನು ಇನ್ನೊಂದು ವರ್ಷ ನೋಡಬೇಕೆಂಬ ಆಸೆ ನನಗಿತ್ತು. ಆಮೇಲೆ ಅವರ ಮನೆಗೆ ಒಮ್ಮೆ ಹೋದಾಗ ಜಟ್ಟೆಮ್ಮ ಚಹಾ ಕೊಟ್ಟು, "ನಮ್ ಹುಡುಗಿ ಫೇಲ್ ಆಗ್ಯಾಳಂತ ಓಣಿ ಮಂದಿ ಆಡಿಕೊಳ್ಳಾಕತ್ತಾರ್ರೀ. ದಿನಾ ಕುಂತು ಓದತಿದ್ಲು, ಹ್ಯಾಂಗ ಫೇಲ್ ಆದ್ಲೋ ಏನೋ" ಎಂದರು. ಹುಡುಗಿ ತಲೆ ತಗ್ಗಿಸಿದಳು. ಮನೆಯಲ್ಲಿ ಹೇಳಬೇಡ ಎಂದು ತಂಡದಲ್ಲಿ ಎಲ್ಲರಿಗೂ ಹೇಳಿರುತ್ತಾರೆ, ನನಗೂ ಹೇಳಿದ್ದರು. ನಾನು ಚಹಾ ಕುಡಿದು, ಚೆನ್ನಾಗಿದೆ ಅಮ್ಮಾ ಎಂದು ಹೇಳಿ ಎದ್ದು ಬಂದೆ. ಥೂ ನನ್ನ ಜನ್ಮಕ್ಕೆ.

ಈ ಬಹಿರಂಗ ಪತ್ರವನ್ನು ಪತ್ರಿಕೆಯವರಿಗೆ ಅಚ್ಚಿಗೆ ಕೊಡುವ ಮೊದಲು, ನಿನ್ನೆ ಭಾನುವಾರ, ಕೆ.ಆರ್. ಪುರಕ್ಕೆ ಹೋಗಿ ಆ ದಂಪತಿಯ ಮುಂದೆ ಕೂತು ಎಲ್ಲ ಹೇಳಿದೆ. ಬೈಸಿಕೊಳ್ಳಲು ಸಿದ್ಧನಾಗಿಯೇ ಹೋಗಿದ್ದೆ. ಜಟ್ಟೆಮ್ಮ ಬಾಯಿ ತೆರೆದುಕೊಂಡು ಕೇಳಿ, ಮಗಳ ಕಡೆ ತಿರುಗಿ, "ಹಂಗಾದ್ರ ನೀ ಫೇಲ್ ಆಗಿದ್ದಿಲ್ಲೇನ? ನನ್ ಮಗಳು ಶಾಣ್ಯಾಕಿನೇ ಅದಾಳಲ್ರೀ!" ಎಂದು ಅವಳ ಕೆನ್ನೆ ಹಿಡಿದುಕೊಂಡು ಅತ್ತುಬಿಟ್ಟರು. ಒಂದು ವರ್ಷ ಆ ತಾಯಿ ತಮ್ಮ ಮಗಳು ದಡ್ಡಿ ಎಂದು ನಂಬಿಕೊಂಡು ಪರರ ಮನೆಯ ಪಾತ್ರೆ ತಿಕ್ಕಿದ್ದಾರೆ, ಸ್ವಾಮಿ. ಸಾಯಬಣ್ಣ ನನ್ನನ್ನು ನೋಡಿ, "ನಿಮಗೂ ಹಿಂಗೇ ಆಗಿತ್ತಂದ್ರಿ. ಮತ್ತ ಗೊತ್ತಿದ್ದೂ ನಮ್ ಹುಡುಗಿಗಿ ಇಡು ಅಂತ ಯಾಕ ಹೇಳಿದ್ರಿ?" ಎಂದರು. ದನಿ ಏರಿಸಲಿಲ್ಲ. ಹದಿನೇಳು ವರ್ಷ ಅಮೃತಪ್ಪ ಸಾರ್ ಅವರನ್ನು ನಾನು ಮನಸ್ಸಿನಲ್ಲೇ ಕೇಳುತ್ತಿದ್ದ ಪ್ರಶ್ನೆ ಅದೇ. ಅದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯೇ ಕುಲಪತಿಗಳೇ?

ಉತ್ತರ ಬೇಡ, ಕೆಲಸ ಮಾಡಿ. ಬುಧವಾರ ಕಚೇರಿ ಮುಚ್ಚುವ ಮೊದಲು ಸೌಂದರ್ಯಾಳ ಹಾಲ್ ಟಿಕೆಟ್ ಕ್ರೀಡಾ ವಿಭಾಗದ ಬೀರುವಿನಿಂದ ಹೊರಬಂದು ಅವಳ ಕೈ ಸೇರಬೇಕು. ಪ್ರದರ್ಶನ ಪಂದ್ಯವನ್ನು ಮಧ್ಯಾಹ್ನಕ್ಕೆ ಹಾಕಿ, ಇಲ್ಲವೇ ನಾಯಕಿಯಿಲ್ಲದೆ ಆಡಿಸಿ, ಗಣ್ಯರಿಗೆ ಹೇಗೂ ಚೆಂಡು ಯಾವುದು ಗೋಲು ಯಾವುದು ತಿಳಿಯುವುದಿಲ್ಲ. ತರಬೇತುದಾರರ ನೇಮಕಕ್ಕೆ ಸೆಮಿಫೈನಲ್ ಅನ್ನು ಗಂಟುಹಾಕಿದ ಆ ವಾಕ್ಯವನ್ನು ಅಳಿಸಿ, ಈಗಿನವರನ್ನು ಖಾಯಂ ಮಾಡಿ, ಆಗ ಅವರಿಗೂ ಹುಡುಗರನ್ನು ಹಿಡಿದಿಟ್ಟುಕೊಳ್ಳುವ ದರ್ದು ಇರುವುದಿಲ್ಲ. ಪೇಪರ್ ಇಟ್ಟು ಸ್ಕೀಮ್ ಮುಗಿದುಹೋದ ಆಟಗಾರರು ಎಷ್ಟು ಮಂದಿ ಎಂದು ನಿಮ್ಮ ದಾಖಲೆ ತೆಗೆಸಿ ಅವರಿಗೆಲ್ಲ ಒಂದು ವಿಶೇಷ ಪರೀಕ್ಷೆ ಇಡಿ. ನನಗೂ ಇಟ್ಟರೆ ಬಂದು ಬರೆಯುತ್ತೇನೆ. ದ್ವಾರ ಕಟ್ಟಿದ್ದೀರಿ, ಇರಲಿ ಬಿಡಿ, ಆ ಮನುಷ್ಯನಿಗೆ ಅದು ಸಲ್ಲುತ್ತದೆ. ಮಕ್ಕಳು ಅದರೊಳಗಿಂದ ಹೊರಗೂ ಹೋಗುವಂತಾಗಲಿ.

ಗುರುವಾರ ನಾನು ನಿಮ್ಮ ವೇದಿಕೆಯ ಮೇಲೆ ಇರುವುದಿಲ್ಲ. ಸಾಯಬಣ್ಣ ಆ ದಿನ ಕೆಲಸಕ್ಕೆ ರಜೆ ಹಾಕಿದ್ದಾರೆ, ನಾನೂ ಹಾಕಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ಹುಡುಗಿಯನ್ನು ಪರೀಕ್ಷಾ ಕೇಂದ್ರದ ಒಳಗೆ ಕಳಿಸಿ, ಅವಳು ಬರೆದು ಮುಗಿಸಿ ಬರುವವರೆಗೂ ನಾವಿಬ್ಬರೂ ಗೇಟಿನ ಹೊರಗೆ ನಿಂತಿರುತ್ತೇವೆ. ಅವಳನ್ನು ಮೈದಾನಕ್ಕೆ ಕರೆದೊಯ್ಯಲು ನಿಮ್ಮ ಕ್ರೀಡಾ ವಿಭಾಗದ ಜೀಪು ಬರುವುದಾದರೆ ಬರಲಿ. ನಾನು ಗೋಲ್‌ಕೀಪರ್ ಆಗಿದ್ದವನು, ಅಡ್ಡ ನಿಲ್ಲುವುದೊಂದೇ ನಾನು ಪೂರ್ತಿ ಕಲಿತ ವಿದ್ಯೆ. ಅದನ್ನೂ ಅಮೃತಪ್ಪ ಸಾರ್ ಅವರೇ ಕಲಿಸಿದ್ದು.

ಇಂತಿ,
ತಮ್ಮ ಅಂಕಪಟ್ಟಿಯಲ್ಲಿ ಐಚ್ಛಿಕ ಕನ್ನಡಕ್ಕೆ ಇಂದಿಗೂ ಗೈರುಹಾಜರಾಗಿರುವ
ಅಕ್ತರ್
ಶಿವಾಜಿನಗರ, ಬೆಂಗಳೂರು